ಕೆಳಗೆ ಜಾಗವಿಲ್ಲವೆಂದರೆ ಮೇಲೆ ಕೇಳಬಾರದೆ?



ಊರು ಬಿಟ್ಟು ಮುಂಬಯಿಗೆ ಬಂದ ಮೊದಲನೆಯ ದಿನ ನನಗೆ ಅನ್ನ ಹಾಕಿದ ಕೈ ಒಂದುಂಟು. ಆಗ ನಾನು ಹೋಟೆಲಿನ ಮೋರಿಯಲ್ಲಿ ಲೋಟ ತೊಳೆಯುವ ಹುಡುಗ. ಅವರು ದೋಸೆಕಲ್ಲಿನ ಮುಂದೆ ನಿಲ್ಲುವವರು. ಅಣ್ಣ ಎಂದು ಕರೆದೆ, ಇಂದಿಗೂ ಹಾಗೆಯೇ ಕರೆಯುತ್ತೇನೆ. ಆ ಅಣ್ಣನ ಎರಡೂ ಮೂತ್ರಪಿಂಡಗಳು ಕೆಟ್ಟು ಮೂರು ವರ್ಷವಾಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ರಕ್ತದ ಒತ್ತಡ ಆಮೇಲೆ ಸೇರಿಕೊಂಡಿತು. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಹೋಗಿ ಬರುವ ಹೊತ್ತು, ಬಂದ ಮೇಲಿನ ಸುಸ್ತು ಸೇರಿಸಿದರೆ ವಾರದ ಮೂರು ದಿನ ಹೋಯಿತೆಂದೇ ಲೆಕ್ಕ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯಿದೆ. ಮಲಗಿ ರಕ್ತ ತೊಳೆಸಿಕೊಳ್ಳಬೇಕಾದವನಿಗೆ ಎಷ್ಟು ಹೊನ್ನು ಸಾಕಾದೀತು?

ಊರಿನಿಂದ ಅವರ ತಂಗಿ ಬಂದಳು. "ನನ್ನದೊಂದು ಕಿಡ್ನಿ ಅಣ್ಣನಿಗಿರಲಿ" ಎಂದಳು. ರಕ್ತದ ಗುಂಪು ಹೊಂದಿತು, ಬೇರೆ ಪರೀಕ್ಷೆಗಳೂ ಹೊಂದಿದವು. ಕಟ್ಟಕಡೆಗೆ ಅಣ್ಣನ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಅದನ್ನು ನೋಡಿ ಆಸ್ಪತ್ರೆಯವರು ಚೀಟಿಯ ಮೇಲೆ ಒಂದೇ ಸಾಲು ಬರೆದರು: ಕಿಬ್ಬೊಟ್ಟೆಯ ರಕ್ತನಾಳಗಳು ತಕ್ಕುದಾಗಿಲ್ಲ, ಕಸಿ ಮಾಡಲು ಬರುವುದಿಲ್ಲ. ನಾವು ಕೈಮುಗಿದು ಹೊರಗೆ ಬಂದೆವು. ಲೋಕಲ್ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ದಾದರ್ ದಾಟಿದ ಮೇಲೆ ಆ ಹೆಣ್ಣುಮಗಳು, "ಹಾಗಾದರೆ ನನ್ನ ಕಿಡ್ನಿ ಬೇಡವಂತಾ?" ಎಂದು ಕೇಳಿದಳು. ಅವಳಿಗೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಏಕೆಂದರೆ ಹತ್ತು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸವೇ 'ಇಲ್ಲ' ಎಂದವರನ್ನು 'ಏಕೆ ಇಲ್ಲ?' ಎಂದು ಕೇಳುವುದು. ಬೋನಸು ಇಲ್ಲವೆಂದರೆ ಲೆಕ್ಕ ತೋರಿಸಿ ಎನ್ನುತ್ತೇನೆ. ರಜೆ ಇಲ್ಲವೆಂದರೆ ಯಾವ ಕಾನೂನಿನಲ್ಲಿ ಇಲ್ಲ ಎನ್ನುತ್ತೇನೆ. ಮಾಲೀಕರ ಮೊದಲನೆಯ 'ಇಲ್ಲ'ವನ್ನು ಕಡೆಯ ಮಾತೆಂದು ಒಪ್ಪಿದ್ದರೆ ನಮ್ಮಲ್ಲಿ ಒಬ್ಬನಿಗೂ ವಾರದ ರಜೆ ಸಿಗುತ್ತಿರಲಿಲ್ಲ. ಅಂಥ ನಾನು, ನನಗೆ ಅನ್ನ ಹಾಕಿದ ಮನುಷ್ಯನ ಪ್ರಾಣದ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬಂದೆ. ಕೆಲವು ತಿಂಗಳ ಮೇಲೆ ಬೇರೆ ಕಾರಣಕ್ಕಾಗಿ ಭೇಟಿಯಾದ ಒಬ್ಬ ಯುವಕ ಡಾಕ್ಟರು ಆ ಚೀಟಿಯನ್ನು ನೋಡಿ, "ಕೆಳಗಿನ ಜಾಗ ಸರಿಯಿಲ್ಲವೆಂದು ಬರೆದಿದ್ದಾರೆ. ಮೇಲಿನದನ್ನು ನೋಡಿದ್ದಾರೆಯೆ?" ಎಂದು ಕೇಳಿದರು. ಮೇಲಿನದು ಎಂಬುದೊಂದು ಉಂಟೆಂದು ನನಗೆ ಗೊತ್ತಾದದ್ದು ಅಂದು.

ನಾನು ಡಾಕ್ಟರನಲ್ಲ, ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆದರೆ ಕೇಳಿ ತಿಳಿಯಲು ಪದವಿ ಬೇಕಾಗಿಲ್ಲ. ತಿಳಿದವರನ್ನು ಕೇಳಿ, ಮತ್ತೆ ಮತ್ತೆ ಕೇಳಿ, ತಲೆಗೆ ಹತ್ತಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಚೀಟಿ ನಾಳೆ ನಿಮ್ಮ ಮನೆಗೂ ಬರಬಹುದು.

ಮೊದಲು ಮೂತ್ರಪಿಂಡದ ಕಸಿ ಎಂದರೇನು ಎಂಬುದನ್ನು ನೋಡೋಣ. ಕೆಟ್ಟ ಮೂತ್ರಪಿಂಡವನ್ನು ತೆಗೆದು ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತಾರೆಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ತಪ್ಪು. ಸಾಮಾನ್ಯವಾಗಿ ಹಳೆಯವನ್ನು ಮುಟ್ಟುವುದೇ ಇಲ್ಲ. ಅವು ಬೆನ್ನಿನ ಕಡೆ, ಪಕ್ಕೆಲುಬಿನ ಅಡಿಯಲ್ಲಿ, ಇದ್ದಲ್ಲಿಯೇ ಇರುತ್ತವೆ. ಹೊಸ ಮೂತ್ರಪಿಂಡವನ್ನು ಕೆಳಗೆ, ಕಿಬ್ಬೊಟ್ಟೆಯ ಒಂದು ಮಗ್ಗುಲಿನಲ್ಲಿ, ಸೊಂಟದ ಮೂಳೆಯ ಒಳಬದಿಗೆ ಇಡುತ್ತಾರೆ. ಅಲ್ಲಿ ಮೂರು ಬೆಸುಗೆ ಹಾಕಬೇಕು. ಹೊಸ ಮೂತ್ರಪಿಂಡಕ್ಕೆ ರಕ್ತ ತರುವ ಧಮನಿಯನ್ನು ಕಾಲಿನ ಕಡೆಗೆ ಹೋಗುವ ದೊಡ್ಡ ಧಮನಿಗೆ ಹೊಲಿಯಬೇಕು. ರಕ್ತವನ್ನು ಹಿಂದಕ್ಕೆ ಒಯ್ಯುವ ಸಿರೆಯನ್ನು ಕಾಲಿನಿಂದ ಬರುವ ದೊಡ್ಡ ಸಿರೆಗೆ ಹೊಲಿಯಬೇಕು. ಮೂತ್ರನಾಳವನ್ನು ಮೂತ್ರಕೋಶಕ್ಕೆ ಸೇರಿಸಬೇಕು. ಮೂರೂ ಸರಿಯಾಗಿ ಕೂತರೆ ರಕ್ತ ಒಳಗೆ ಹರಿಯುತ್ತದೆ, ಮೂತ್ರ ಹೊರಗೆ ಬರುತ್ತದೆ.

ರಕ್ತನಾಳಕ್ಕೆ ರಕ್ತನಾಳವನ್ನು ಹೊಲಿಯುವ ಈ ವಿದ್ಯೆಯ ಹಿಂದೆ ನಮ್ಮಂಥವರ ಕೈಗೆಲಸ ಇದೆಯೆಂಬುದನ್ನು ಗಿರಣಿಯಲ್ಲಿ ದುಡಿದ ಹಿರಿಯರು ಅವಶ್ಯ ತಿಳಿಯಬೇಕು. 1894ರಲ್ಲಿ ಫ್ರಾನ್ಸ್ ದೇಶದ ಅಧ್ಯಕ್ಷ ಸಾದಿ ಕಾರ್ನೋ ಲಿಯೋನ್ ನಗರದಲ್ಲಿ ಇರಿತಕ್ಕೆ ಸಿಕ್ಕಿ ಸತ್ತರು. ಹೊಟ್ಟೆಯೊಳಗಿನ ದೊಡ್ಡ ಸಿರೆ ಕತ್ತರಿಸಿಹೋಗಿತ್ತು. ಅದನ್ನು ಹೊಲಿಯಬಲ್ಲ ವೈದ್ಯರು ಆಗ ಇರಲಿಲ್ಲ. ಅದೇ ಊರಿನ ಅಲೆಕ್ಸಿ ಕಾರೆಲ್ ಎಂಬ ತರುಣ ವೈದ್ಯನಿಗೆ ಇದು ಮನಸ್ಸಿನಲ್ಲಿ ಕೊರೆಯಿತು. ಲಿಯೋನ್ ಎಂದರೆ ರೇಷ್ಮೆ ನೇಯುವ ಊರು. ಆತ ಅಲ್ಲಿನ ಕಸೂತಿ ಹಾಕುವ ಹೆಂಗಸೊಬ್ಬಳ ಬಳಿ ಕೂತು ಸಣ್ಣ ಸೂಜಿ, ಸಣ್ಣ ದಾರಗಳಿಂದ ಹೊಲಿಯುವುದನ್ನು ಕಲಿತನು. 1902ರಲ್ಲಿ ರಕ್ತನಾಳ ಹೊಲಿಯುವ ತನ್ನ ಕ್ರಮವನ್ನು ಪ್ರಕಟಿಸಿದನು. 1912ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಮೂತ್ರಪಿಂಡ ಕೂಡಿಸಿದರೂ ಅದರ ಬುಡದಲ್ಲಿ ಆ ಕಸೂತಿಯ ಹೆಣ್ಣುಮಗಳ ಹೊಲಿಗೆ ಉಂಟು. ಬಹುಮಾನ ಬಂದವನ ಹೆಸರು ಎಲ್ಲರಿಗೂ ಗೊತ್ತು, ಕಲಿಸಿದವಳ ಹೆಸರು ಬಲ್ಲವರು ಕಡಿಮೆ. ಇದು ಲೋಕದ ಹಳೆಯ ರೀತಿ, ಇರಲಿ.

ಹಾಗಾದರೆ ಹೊಸ ಮೂತ್ರಪಿಂಡವನ್ನು ಕೆಳಗೇ ಏಕೆ ಇಡುತ್ತಾರೆ? ಮನುಷ್ಯರ ಮೇಲಿನ ಮೊದಲ ಪ್ರಯೋಗಗಳಲ್ಲಿ ಎಲ್ಲಿಡಬೇಕೆಂಬುದೇ ನಿಶ್ಚಯವಿರಲಿಲ್ಲ. 1933ರಲ್ಲಿ ಯುಕ್ರೇನಿನ ಯೂರಿ ವೊರೊನೊಯ್ ತೊಡೆಯ ಬಳಿ ಇಟ್ಟು ನೋಡಿದರು. ಆ ರೋಗಿ ಬದುಕಲಿಲ್ಲ. 1950ರಲ್ಲಿ ಅಮೆರಿಕದ ಚಿಕಾಗೋ ಬಳಿ ರಿಚರ್ಡ್ ಲಾಲರ್ ಎಂಬವರು ಕೆಟ್ಟ ಮೂತ್ರಪಿಂಡವನ್ನು ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಟ್ಟರು. ಹತ್ತು ತಿಂಗಳ ಮೇಲೆ ಅದನ್ನು ತೆಗೆಯಬೇಕಾಯಿತು. 1951ರಲ್ಲಿ ಪ್ಯಾರಿಸಿನಲ್ಲಿ ರೆನೆ ಕ್ಯೂಸ್ ಮೊದಲಾದವರು ಕಿಬ್ಬೊಟ್ಟೆಯ ಜಾಗವನ್ನು ಆರಿಸಿದರು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರು ಅವಳಿ ಅಣ್ಣತಮ್ಮಂದಿರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕೂಡಿಸಿ ಗೆದ್ದದ್ದೂ ಆ ಜಾಗದಲ್ಲಿಯೇ. ಅಂದಿನಿಂದ ಅದೇ ರೂಢಿಯಾಯಿತು.

ರೂಢಿಯಾಗಲು ಒಳ್ಳೆಯ ಕಾರಣಗಳೂ ಇವೆ. ಅಲ್ಲಿ ರಕ್ತನಾಳಗಳು ಕೈಗೆ ಸಿಗುತ್ತವೆ, ಮೂತ್ರಕೋಶ ಪಕ್ಕದಲ್ಲೇ ಇದೆ, ಮುಂದೆ ತೊಂದರೆಯಾದರೆ ಸೂಜಿ ಹಾಕಿ ಪರೀಕ್ಷಿಸುವುದು ಸುಲಭ. ಆದರೆ ಬಂಧುಗಳೇ, ಇಷ್ಟನ್ನು ಗಮನಿಸಿ. ಕೆಳಗಿನ ಜಾಗವನ್ನು ವೈದ್ಯರು ಆರಿಸಿದ್ದು ಅನುಕೂಲಕ್ಕಾಗಿ. ಪ್ರಕೃತಿ ಇಟ್ಟ ಜಾಗ ಮೇಲಿನದು. ಆದುದರಿಂದ ಕೆಳಗೆ ಅನುಕೂಲವಿಲ್ಲವೆಂದರೆ ಮನುಷ್ಯನೇ ಅಯೋಗ್ಯನಾದ ಎಂದು ಅರ್ಥವಾಗಬೇಕಾಗಿಲ್ಲ. ಚೀಟಿ ಬರೆಯುವಾಗ ಜಾಗದ ದೋಷವನ್ನು ಮನುಷ್ಯನ ದೋಷವಾಗಿ ಮಾಡುವುದೇ ನನ್ನ ತಕರಾರು.

ಕೆಳಗಿನ ರಕ್ತನಾಳಗಳು ಏಕೆ ಕೆಡುತ್ತವೆ? ಬಾಯ್ಲರಿನ ನಳಿಗೆಯಲ್ಲಿ ಗಡಸು ನೀರಿನ ಸುಣ್ಣ ಪದರ ಕಟ್ಟುವುದನ್ನು ಹೋಟೆಲಿನವರೆಲ್ಲರೂ ನೋಡಿದ್ದೇವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಬೀಡಿ ಸಿಗರೇಟು, ಮೇಲೆ ವರ್ಷಗಟ್ಟಲೆ ಡಯಾಲಿಸಿಸ್, ಇಷ್ಟೂ ಸೇರಿದರೆ ಧಮನಿಯ ಗೋಡೆಯಲ್ಲಿಯೂ ಸುಣ್ಣ ಸೇರಿ ಅದು ಕಲ್ಲಿನಂತಾಗುತ್ತದೆ. ಕಲ್ಲಿಗೆ ಸೂಜಿ ಹೋಗುವುದಿಲ್ಲ, ಹಿಡಿಕೆ ಹಾಕಿ ಒತ್ತಿದರೆ ಒಡೆಯುತ್ತದೆ. ಹಿಂದೆ ಎರಡು ಸಲ ಕಸಿ ಮಾಡಿಸಿಕೊಂಡು ಎರಡೂ ಮಗ್ಗುಲು ಮುಗಿದಿದ್ದರೂ ತೊಂದರೆ. ಇನ್ನು ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುವುದುಂಟು. ಅದಕ್ಕೆ ಒಂದು ಮುಖ್ಯ ಕಾರಣ ತೊಡೆಸಂದಿನ ನಳಿಗೆ. ಅದರ ವಿಷಯವನ್ನು ಮುಂದೆ ಹೇಳುತ್ತೇನೆ.

ಈಗ ಆ ಮೇಲಿನ ಜಾಗದ ಮಾತು. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಹೋಸೆ ಮರಿಯಾ ಹಿಲ್-ವರ್ನೆಟ್ ಎಂಬ ಮೂತ್ರರೋಗಗಳ ಶಸ್ತ್ರವೈದ್ಯರಿದ್ದರು. 1965ರಲ್ಲಿ ತಮ್ಮ ದೇಶದಲ್ಲಿ ಮೂತ್ರಪಿಂಡದ ಕಸಿಯನ್ನು ಆರಂಭಿಸಿದವರಲ್ಲಿ ಅವರು ಒಬ್ಬರು. ಕಿಬ್ಬೊಟ್ಟೆಯ ನಾಳಗಳು ಕೆಟ್ಟವರನ್ನು ಬರಿಗೈಯಲ್ಲಿ ಕಳಿಸಬಾರದೆಂದು 1978ರಲ್ಲಿ ಅವರು ಬೇರೆ ಕ್ರಮವನ್ನು ಹಿಡಿದರು. ಆ ಕ್ರಮ ಹೀಗೆ: ಎಡ ಪಕ್ಕೆಯನ್ನು ಬಿಡಿಸಿ ಕೆಟ್ಟುಹೋದ ಎಡ ಮೂತ್ರಪಿಂಡವನ್ನು ತೆಗೆಯುವುದು. ತೆಗೆಯುವಾಗ ಅದರ ಸಿರೆಯನ್ನೂ ಮೂತ್ರನಾಳವನ್ನೂ ಜೋಪಾನವಾಗಿ ಉಳಿಸಿಕೊಳ್ಳುವುದು. ಹೊಸದನ್ನು ಅದೇ ಜಾಗದಲ್ಲಿ ಇಟ್ಟು ಉಳಿಸಿಕೊಂಡ ನಾಳಗಳಿಗೆ ಬೆಸೆಯುವುದು.

ಇಲ್ಲೊಂದು ಜಾಣತನವಿದೆ. ರಕ್ತ ಕೊಡುವ ಧಮನಿ ಎಲ್ಲಿಂದ? ಎಡ ಪಕ್ಕೆಯಲ್ಲಿ ಗುಲ್ಮವೆಂಬ ಅಂಗವಿದೆ. ಮಲೇರಿಯದಲ್ಲಿ ಇದು ಊದಿಕೊಂಡರೆ ನಮ್ಮ ಊರ ಕಡೆ ಜ್ವರಗಡ್ಡೆ ಎನ್ನುತ್ತಾರೆ. ಆ ಗುಲ್ಮಕ್ಕೆ ಹೋಗುವ ಧಮನಿ ಎಡ ಮೂತ್ರಪಿಂಡದ ಹತ್ತಿರದಲ್ಲೇ ಹಾದುಹೋಗುತ್ತದೆ. ಅದನ್ನು ಬಿಡಿಸಿ, ಕೆಳಮುಖವಾಗಿ ತಿರುಗಿಸಿ, ಹೊಸ ಮೂತ್ರಪಿಂಡದ ಧಮನಿಗೆ ಜೋಡಿಸುತ್ತಾರೆ. ಗುಲ್ಮದ ಗತಿ ಏನು ಎಂದು ನಾನು ಕೇಳಿದೆ. ಹೊಟ್ಟೆಯ ಕಡೆಯಿಂದ ಬರುವ ಸಣ್ಣ ನಾಳಗಳು ಅದಕ್ಕೆ ಬೇರೆಯಾಗಿ ರಕ್ತ ಕೊಡುತ್ತವೆ, ಆದುದರಿಂದ ಸಾಮಾನ್ಯವಾಗಿ ಅದನ್ನು ತೆಗೆಯಬೇಕಾಗುವುದಿಲ್ಲ ಎಂದರು. ಗುಲ್ಮದ ಧಮನಿ ಹೊಂದದಿದ್ದರೆ ಹಳೆಯ ಮೂತ್ರಪಿಂಡದ ಧಮನಿಯನ್ನೋ, ಬೆನ್ನೆಲುಬಿನ ಮುಂದೆ ಇಳಿಯುವ ಮಹಾಧಮನಿಯನ್ನೋ ಉಪಯೋಗಿಸುತ್ತಾರೆ. ಹೊಸದರ ಸಿರೆಯನ್ನು ಹಳೆಯದರ ಸಿರೆಗೆ ಹೊಲಿಯುತ್ತಾರೆ. ಎಡಗಡೆಯ ಸಿರೆ ಬಲಗಡೆಯದಕ್ಕಿಂತ ಉದ್ದವಾಗಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಎಡ ಮಗ್ಗುಲನ್ನು ಆರಿಸಲು ಅದೂ ಒಂದು ಕಾರಣ. ಮೂತ್ರಪಿಂಡದ ಒಳಗೆ ಮೂತ್ರ ಸೇರುವ ಆಲಿಕೆಯಂಥ ಭಾಗವುಂಟಷ್ಟೆ. ಹೊಸದರ ಆಲಿಕೆಯನ್ನು ಹಳೆಯದರ ಉಳಿದ ಆಲಿಕೆಗೆ ಸೇರಿಸಿಬಿಟ್ಟರೆ, ಮೂತ್ರಕೋಶಕ್ಕೆ ಹೋಗಲು ಹುಟ್ಟಿನಿಂದ ಇದ್ದ ದಾರಿಯೇ ಮತ್ತೆ ದಾರಿಯಾಗುತ್ತದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಚಾಳಿನ ಕೆಳಗಿನ ನೀರಿನ ಪೈಪು ತುಕ್ಕು ಹಿಡಿದಿದೆಯೆಂದು ಖೋಲಿಯನ್ನೇ ಖಾಲಿ ಮಾಡಿಸದೆ, ಮೇಲಿನ ಟಾಕಿಯ ಲೈನಿನಿಂದ ನೀರು ಕೊಟ್ಟಂತೆ.

ಇದು ಒಂದೆರಡು ಸಲ ಮಾಡಿ ಬಿಟ್ಟ ಪ್ರಯೋಗವಲ್ಲ. 1978ರಿಂದ 2009ರವರೆಗೆ ಬಾರ್ಸಿಲೋನಾದ ವೈದ್ಯರು 223 ಸಲ ಹೀಗೆ ಮಾಡಿ, 2010ರಲ್ಲಿ ಅದರ ವರದಿಯನ್ನು ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಕೆಳಗಿನ ಜಾಗ ಹೊಂದದ, ಆರಿಸಿ ತೆಗೆದ ರೋಗಿಗಳಿಗೆ ಇದು ಒಳ್ಳೆಯ ಮಾರ್ಗವೆಂಬುದು ಅವರ ತೀರ್ಮಾನ. 223 ಜನ ಎಂದರೆ ಒಂದು ಗಿರಣಿಯ ಒಂದು ಖಾತೆಯಷ್ಟು ಜನ. ಅವರಲ್ಲಿ ಎಷ್ಟೋ ಮಂದಿ ಬೇರೆ ಕಡೆ ಹೋಗಿದ್ದರೆ ನಮ್ಮ ಅಣ್ಣನಿಗೆ ಸಿಕ್ಕಂಥ ಚೀಟಿಯನ್ನೇ ಹಿಡಿದು ಮನೆಗೆ ಹೋಗುತ್ತಿದ್ದರು.

ಇನ್ನೊಂದು ಮಾರ್ಗವೂ ಇದೆ. ಕೆಟ್ಟ ಧಮನಿಯ ಬದಲು ಕೃತಕ ನಾಳವನ್ನು ಹಾಕಿ, ಅದಕ್ಕೆ ಮೂತ್ರಪಿಂಡವನ್ನು ಹೊಲಿಯುವುದು. ಈ ಕೃತಕ ನಾಳ ಏನೆಂದುಕೊಂಡಿರಿ? ಬಟ್ಟೆ! 1950ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಮೈಕೆಲ್ ಡಿಬೇಕಿ ಎಂಬ ಶಸ್ತ್ರವೈದ್ಯರು ಅಂಗಡಿಗೆ ನೈಲಾನ್ ಬಟ್ಟೆ ತರಲು ಹೋದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಎಂಬ ಹೊಸ ಪಾಲಿಯೆಸ್ಟರ್ ಬಟ್ಟೆ ಇತ್ತು. ಅದನ್ನೇ ತಂದು ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದರು. ಆಮೇಲೆ ಜವಳಿ ಯಂತ್ರ ಬಲ್ಲವರು ಹೊಲಿಗೆಯಿಲ್ಲದ ಕೊಳವೆಯನ್ನು ಹೆಣೆದು ಕೊಡುವ ಯಂತ್ರ ಮಾಡಿದರು. ಇಂದಿಗೂ ಪಾಲಿಯೆಸ್ಟರಿನ ನಾಳಗಳು ಮನುಷ್ಯರ ಹೊಟ್ಟೆಯಲ್ಲಿ ರಕ್ತ ಸಾಗಿಸುತ್ತಿವೆ. ಮಗ್ಗದ ಮುಂದೆ ನಿಂತು ಕಿವಿ ಕಳೆದುಕೊಂಡ ನಮ್ಮ ಹಿರಿಯರು ಕನಸಿನಲ್ಲಾದರೂ ಇದನ್ನು ಎಣಿಸಿದ್ದರೆ?

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಆಸೆ ಮಾರುವ ವ್ಯಾಪಾರಿಯಾಗುತ್ತೇನೆ. ಆದುದರಿಂದ ಎದುರು ಬದಿಯ ಮಾತನ್ನೂ ಕೇಳಬೇಕು. ಮೇಲಿನ ಜಾಗದ ಶಸ್ತ್ರಕ್ರಿಯೆ ಕೆಳಗಿನದಕ್ಕಿಂತ ಕಷ್ಟದ್ದು. ಹಳೆಯ ಮೂತ್ರಪಿಂಡವನ್ನು ತೆಗೆಯುವ ಕೆಲಸ ಹೆಚ್ಚಾಗಿ ಸೇರುತ್ತದೆ, ಹೊತ್ತು ಹಿಡಿಯುತ್ತದೆ, ಜಾಗ ಆಳವಾದದ್ದು. ಬೆಸುಗೆಯಲ್ಲಿ ಮೂತ್ರ ಸೋರಬಹುದು, ನಾಳ ಕಟ್ಟಿಕೊಳ್ಳಬಹುದು. ಕೆಳಗಿನ ಧಮನಿಗೆ ಸುಣ್ಣ ಹಿಡಿಸಿದ ಕಾಯಿಲೆ ಗುಲ್ಮದ ಧಮನಿಯನ್ನೂ ಬಿಟ್ಟಿರಲಾರದು. ಹೃದಯ ದುರ್ಬಲವಾಗಿದ್ದರೆ ಯಾವ ಜಾಗವೂ ಬೇಡ, ಡಯಾಲಿಸಿಸೇ ಲೇಸು ಎಂದು ಹೇಳಬೇಕಾಗಬಹುದು. ಕೈ ಪಳಗಿದ ವೈದ್ಯರು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಪಳಗದ ಕೈ ಧೈರ್ಯ ಮಾಡದಿರುವುದೇ ರೋಗಿಗೆ ಕ್ಷೇಮ. ಹೊಸ ಮೂತ್ರಪಿಂಡ ಎಲ್ಲಿ ಕೂತರೂ ದೇಹ ಅದನ್ನು ತಳ್ಳದಂತೆ ಪ್ರತಿದಿನ ಔಷಧ ನುಂಗಬೇಕು; ಆ ಖರ್ಚು ತಪ್ಪುವುದಿಲ್ಲ.

ಆದುದರಿಂದ 'ಬರುವುದಿಲ್ಲ' ಎಂದ ಡಾಕ್ಟರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿ ಬರುವುದಿಲ್ಲವೆಂದು ಅವರು ನಿಜವನ್ನೇ ಹೇಳಿರಬಹುದು. ನನ್ನ ದೂರು ಇಷ್ಟೆ: 'ನಮ್ಮಲ್ಲಿ ಬರುವುದಿಲ್ಲ' ಎಂಬುದೂ 'ಎಲ್ಲಿಯೂ ಬರುವುದಿಲ್ಲ' ಎಂಬುದೂ ಬೇರೆ ಬೇರೆ ಮಾತು. ಉಳ್ಳವನಿಗೆ ಮೊದಲನೆಯದನ್ನು ಹೇಳುತ್ತಾರೆ. ಅವನು ಆ ಚೀಟಿ ಹಿಡಿದು ಮೂರು ಊರು ತಿರುಗಿ ಮೂರು ಅಭಿಪ್ರಾಯ ಪಡೆಯುತ್ತಾನೆ. ನಮ್ಮವನು ಅದೇ ಮಾತನ್ನು ಎರಡನೆಯದಾಗಿ ಕೇಳಿಸಿಕೊಳ್ಳುತ್ತಾನೆ. ಕೈಮುಗಿದು ಬರುತ್ತಾನೆ. ತಪ್ಪು ಹೇಳಿದವರಲ್ಲಿ ಅರ್ಧ, ಕೇಳದ ನಮ್ಮಲ್ಲಿ ಅರ್ಧ.

ಹೀಗಿರುವಲ್ಲಿ ಏನು ಮಾಡತಕ್ಕದ್ದು?

ಆಸ್ಪತ್ರೆಗಳನ್ನು ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಕಸಿಗೆ ತಕ್ಕುದಲ್ಲವೆಂದು ಬರೆಯುವಾಗ ಯಾವ ನಾಳ, ಯಾವ ಮಗ್ಗುಲು, ಯಾವ ದೋಷ ಎಂದು ಬಿಡಿಸಿ ಬರೆಯಲಿ. ಮೇಲಿನ ಜಾಗವನ್ನು ಆಲೋಚಿಸಿದರೆ, ಇಲ್ಲವೆ? ಆಲೋಚಿಸಿ ಬಿಟ್ಟಿದ್ದರೆ ಕಾರಣವೇನು? ತಮ್ಮಲ್ಲಿ ಆಗದಿದ್ದರೆ ಎಲ್ಲಿ ಕೇಳಬಹುದು? ನಾಲ್ಕು ಸಾಲು ಬರೆಯಲು ಐದು ನಿಮಿಷ ಸಾಕು. ಆ ನಾಲ್ಕು ಸಾಲು ರೋಗಿಯ ಕೈಯಲ್ಲಿದ್ದರೆ ಮುಂದಿನ ಡಾಕ್ಟರು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಸ್ಕ್ಯಾನಿನ ಚಿತ್ರಗಳನ್ನೂ ಕೇಳಿ ತೆಗೆದುಕೊಳ್ಳಿ. ಬರಿಯ ವರದಿಯ ಕಾಗದ ಸಾಲದು, ಚಿತ್ರ ಬೇಕು. ಶಸ್ತ್ರವೈದ್ಯರು ತಮ್ಮ ಕಣ್ಣಿನಿಂದಲೇ ನೋಡಬೇಕೆನ್ನುತ್ತಾರೆ.

ಎರಡನೆಯದು, ಮೊದಲಿಗೇ ಮಾಡಬೇಕಾದ ಕೆಲಸ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿ ನಮ್ಮದು. ಮೂತ್ರಪಿಂಡ ಪೂರಾ ಸೋತು ಉಸಿರು ಕಟ್ಟಿದ ರಾತ್ರಿ ಆಸ್ಪತ್ರೆಗೆ ಓಡುತ್ತೇವೆ. ಆಗ ಜೀವ ಉಳಿಸಲು ಕುತ್ತಿಗೆಯ ಅಥವಾ ತೊಡೆಸಂದಿನ ಸಿರೆಗೆ ನಳಿಗೆ ಹಾಕುತ್ತಾರೆ. ಅದು ತಾತ್ಕಾಲಿಕ. ಒಳ್ಳೆಯ ಕ್ರಮವೆಂದರೆ ಕೈಯಲ್ಲಿ ಧಮನಿಯನ್ನು ಸಿರೆಗೆ ಜೋಡಿಸುವ ಫಿಸ್ಟುಲಾ. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಚಿಮಿನೊ ಮೊದಲಾದ ವೈದ್ಯರು ಇದನ್ನು ಲೋಕಕ್ಕೆ ಕೊಟ್ಟರು. ಅದು ಬಲಿತು ಸೂಜಿಗೆ ಒದಗಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಆದುದರಿಂದ ಡಯಾಲಿಸಿಸ್ ಬೇಕಾದೀತೆಂದು ಡಾಕ್ಟರು ಹೇಳಿದ ದಿನವೇ ಫಿಸ್ಟುಲಾದ ಮಾತೆತ್ತಬೇಕು. ದುಡಿಯದ ಕೈಯ ರಕ್ತನಾಳಗಳನ್ನು ಕಾಪಾಡಬೇಕು. ರಕ್ತ ತೆಗೆಯುವುದಿದ್ದರೆ, ಸೂಜಿ ಚುಚ್ಚುವುದಿದ್ದರೆ ಇನ್ನೊಂದು ಕೈ ಕೊಡಬೇಕು.

ನಮ್ಮ ಅಣ್ಣನಿಗೆ ಏನಾಯಿತು? ಕೈಯ ಶಸ್ತ್ರಕ್ರಿಯೆಗೆ ರಜೆ ಸಿಗಲಿಲ್ಲ, ಸಿಕ್ಕಾಗ ಹಣ ಹೊಂದಲಿಲ್ಲ. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ತೊಡೆಸಂದಿನ ನಳಿಗೆಯಲ್ಲೇ ದಿನ ತಳ್ಳಿದರು. ಒಂದು ಕಟ್ಟಿಕೊಂಡಾಗ ಇನ್ನೊಂದು ಬದಿಗೆ ಹಾಕಿಸಿಕೊಂಡರು. ಅಂಥ ನಳಿಗೆ ಬಹುಕಾಲ ನಿಂತರೆ ಮೇಲಿನ ಸಿರೆ, ಎಂದರೆ ಕಸಿಗೆ ಬೇಕಾದ ಅದೇ ಸಿರೆ, ಕಿರಿದಾಗಿ ಮುಚ್ಚಿಕೊಳ್ಳುತ್ತದೆ. ನಾಲ್ಕು ದಿನದ ರಜೆ ಉಳಿಸಲು ಹೋಗಿ ಜೀವಮಾನದ ದಾರಿಯೊಂದನ್ನು ಕಳೆದುಕೊಂಡೆವು. ಸಂಘದವನಾಗಿ ಆ ನಾಲ್ಕು ದಿನದ ರಜೆಯನ್ನು ನಾನೇ ಜಗಳವಾಡಿ ಕೊಡಿಸಬೇಕಾಗಿತ್ತು. ಕೊಡಿಸಲಿಲ್ಲ. ಅದಕ್ಕೆ ಬೆಲೆ ಇಷ್ಟಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಈಗ ತಿಳಿಯಿತು, ಈ ಲೇಖನ ಓದಿದ ನಿಮಗೂ ತಿಳಿಯಿತು. ಇನ್ನು ಮುಂದೆ ತಿಳಿಯದೆ ಆಯಿತೆನ್ನುವ ಹಾಗಿಲ್ಲ.

ಮೂರನೆಯದು, ಸರಕಾರದಿಂದ ಬರುವುದನ್ನು ಬಿಡಬೇಡಿ. ಇ.ಎಸ್.ಐ. ಚೀಟಿ ಇದ್ದವರು ಅದನ್ನು ಪೆಟ್ಟಿಗೆಯ ಅಡಿಯಲ್ಲಿ ಇಟ್ಟು ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಓಡುವುದನ್ನು ನೋಡಿದ್ದೇನೆ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಊರಿಗೆ ಹೋಗಿ ಇರಬೇಕಾದವರಿಗೆ ಅದು ಉಪಯೋಗ. ಮನೆಯಲ್ಲಿ ಕೊಡುವವರಿಲ್ಲದವರು ಮೃತರ ಅಂಗಕ್ಕಾಗಿ ಹೆಸರು ಬರೆಸಬಹುದು. ಹೊರಗಿನ ರಾಜ್ಯದವರೆಂಬ ಅಡ್ಡಿಯನ್ನು ತೆಗೆಯಬೇಕೆಂದು 2023ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ತಿಳಿಸಿದೆ. ಊರು ಒಂದು ಕಡೆ, ಅನ್ನ ಒಂದು ಕಡೆ ಇರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ನಾಲ್ಕನೆಯದು ಎಚ್ಚರಿಕೆ. ಒಂದು ಕಡೆ 'ಇಲ್ಲ' ಎಂದ ಸುದ್ದಿ ತಿಳಿದೊಡನೆ 'ನಾನು ಮಾಡಿಸಿಕೊಡುತ್ತೇನೆ' ಎಂದು ಬರುವ ದಲಾಲರಿದ್ದಾರೆ. 'ನಿನ್ನದೊಂದು ಮಾರು, ಖೋಲಿಗೆ ಡಿಪಾಸಿಟ್ ಆಗುತ್ತದೆ' ಎಂದು ನಮ್ಮ ಹುಡುಗರ ಕಿವಿಯಲ್ಲಿ ಊದುವವರೂ ಅವರೇ. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ಮೂತ್ರಪಿಂಡವನ್ನು ಮಾರುವುದೂ ಕೊಳ್ಳುವುದೂ ದಲಾಲಿ ಮಾಡುವುದೂ ಅಪರಾಧ. 2011ರ ತಿದ್ದುಪಡಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸಿದ್ದಾರೆ. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಇವರನ್ನು ಹತ್ತಿರದ ಬಂಧುಗಳೆಂದು ಕಾನೂನು ಒಪ್ಪಿದೆ. ಎರಡನೆಯ ಅಭಿಪ್ರಾಯವನ್ನು ಆಸ್ಪತ್ರೆಯ ಬಾಗಿಲಲ್ಲಿ ಕೇಳಿ, ಚಹದ ಅಂಗಡಿಯ ಮೂಲೆಯಲ್ಲಿ ಕೇಳಬೇಡಿ.

ಕಡೆಯದು, ನಮ್ಮ ಸಂಘದ ಕೆಲಸ. ರೋಗಿಯ ಜೊತೆಗೆ ಒಬ್ಬ ಹೋಗಬೇಕು. ದುಡ್ಡು ಕೊಡಲು ನಮಗೆ ಶಕ್ತಿಯಿಲ್ಲದಿರಬಹುದು, ಜೊತೆಗೆ ಹೋಗಲು ಏನು ಖರ್ಚು? ಕಾಯಿಲೆಯವನಿಗೆ ಹೆದರಿಕೆ, ಮನೆಯವರಿಗೆ ಅಳು. ಪ್ರಶ್ನೆ ಕೇಳಿ ಉತ್ತರವನ್ನು ಕಾಗದದ ಮೇಲೆ ಬರೆದುಕೊಳ್ಳಲು ಮೂರನೆಯವನು ಬೇಕು. ಡಾಕ್ಟರ ಮುಂದೆ ಕೂಗಾಡುವುದಕ್ಕಲ್ಲ, ವಿನಯದಿಂದ ಕೇಳುವುದಕ್ಕೆ. ಮರ್ಯಾದೆಯಿಂದ ಕೇಳಿದರೆ ಹೇಳದ ಡಾಕ್ಟರು ಕಡಿಮೆ. ನಾವು ಕೇಳುವುದಿಲ್ಲ, ಅಷ್ಟೆ.

ಕಳೆದ ತಿಂಗಳು ಅಣ್ಣನ ಸ್ಕ್ಯಾನಿನ ಚಿತ್ರಗಳನ್ನು ಹಿಡಿದುಕೊಂಡು ಅವರು, ಅವರ ತಂಗಿ, ನಾನು ಮೂವರೂ ಇನ್ನೊಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಹಿರಿಯ ಶಸ್ತ್ರವೈದ್ಯರು ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗುಲ್ಮದ ಧಮನಿ ಹೇಗಿದೆ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು, ಹೃದಯವನ್ನೂ ನೋಡಬೇಕು, ಈಗಲೇ ಹೂಂ ಎನ್ನಲಾರೆ ಎಂದರು. ಆ ಪರೀಕ್ಷೆಯ ದಿನ ಇನ್ನೂ ಬಂದಿಲ್ಲ. ಉತ್ತರ 'ಇಲ್ಲ' ಎಂದೇ ಬರಬಹುದು. ಬಂದರೆ ಈ ಸಲ ಕಾರಣ ತಿಳಿದು ತಲೆಬಾಗುತ್ತೇವೆ.

ಹೊರಗೆ ಬಂದ ಮೇಲೆ ತಂಗಿ, "ನನ್ನದು ಬೇಡ ಎನ್ನಲಿಲ್ಲವಲ್ಲ ಅಣ್ಣಾ" ಎಂದಳು. ಅಣ್ಣ ನಕ್ಕರು. ಆಮೇಲೆ ಮೂವರೂ ಒಂದು ಹೋಟೆಲಿಗೆ ಹೋಗಿ ಕೂತೆವು. ದೋಸೆ ತಂದ ಹುಡುಗನನ್ನು ಅಣ್ಣ ಕೇಳಿದ ಮೊದಲ ಮಾತು: "ನೀನು ಉಂಡೆಯೇನೋ?"

— ಒಬ್ಬ ಹೋಟೆಲು ಕೆಲಸಗಾರ